ಮೈಕು ಈಗ ನನ್ನ ಕೈಯಲ್ಲಿ

ಕಮಿಟಿಯವರು ನನ್ನನ್ನು ಚರ್ಚಿನ ಕೆಲಸದಿಂದ ತೆಗೆದದ್ದು ಹಾಳಾಗಿಹೋಗಲಿ. ಆದರೆ ಮೈಕಿನ ವೈರು ಕಿತ್ತರಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಇಪ್ಪತ್ತೆರಡು ವರ್ಷ ಅಲ್ಲಿ ಪಾದ್ರಿಯಾಗಿದ್ದವನು ನಾನು. ಮಾಡಿದ ತಪ್ಪೇನು? ಮದುವೆಯಾಗದ ಹುಡುಗಿಯೊಬ್ಬಳ ಮಗುವಿಗೆ ಹಿಂದಿನ ಕೋಣೆಯಲ್ಲಿ ಗುಟ್ಟಾಗಿ ದೀಕ್ಷಾಸ್ನಾನ ಕೊಟ್ಟು ಮುಗಿಸಿ ಎಂದಿದ್ದರು. ನಾನು ಭಾನುವಾರ ಎಲ್ಲರೆದುರಿಗೇ ಕೊಟ್ಟೆ. ಮುಂದಿನ ವಾರ, ಎರಡು ಮಾತು ಹೇಳಿ ಹೊರಡೋಣವೆಂದು ಬಾಯಿ ತೆರೆದರೆ ಕಮಿಟಿಯ ಕಾರ್ಯದರ್ಶಿ ಬಗ್ಗಿ ವೈರು ಎಳೆದುಬಿಟ್ಟ.

ಐವತ್ತೊಂದನೇ ವಯಸ್ಸಿನಲ್ಲಿ ಕೆಲಸ ಹುಡುಕಿ ಸಾಕುಸಾಕಾಯಿತು. ಎಲ್ಲರೂ "ಏನು ಬರುತ್ತೆ ನಿಮಗೆ?" ಅನ್ನುವವರೇ. ಸಾಯುವವರ ಪಕ್ಕದಲ್ಲಿ ಕೂರಲು ಬರುತ್ತದೆ ಎಂದು ಅರ್ಜಿಯಲ್ಲಿ ಹೇಗೆ ಬರೆಯಲಿ? ಕೊನೆಗೆ ದಾರಿ ತೋರಿಸಿದವಳು ಹೆಂಡತಿ.

"ನಿಮಗಿರೋದೇ ಒಂದು ಗಂಟಲು. ಅದನ್ನ ದಿನವಿಡೀ ನನ್ನ ಮೇಲೆ ಯಾಕೆ ಸವೆಸ್ತೀರಿ? ಬಸ್ ನಿಲ್ದಾಣದಲ್ಲಿ ಮೈಕಲ್ಲಿ ಕೂಗೋಕೆ ಜನ ಬೇಕಂತೆ, ಹೋಗಿ."

ನಿಲ್ದಾಣದ ಮೇಲ್ವಿಚಾರಕಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. "ಮೂರು ದಿನ ನೋಡ್ತೀನಿ. ಸರಿಹೋದ್ರೆ ಕೆಲಸ, ಇಲ್ಲಾಂದ್ರೆ ಇಲ್ಲ" ಎಂದರು.

ಎರಡು ದಿನ ಸಲೀಸಾಗಿ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ ಬಸ್ಸೊಂದು ಕೆಟ್ಟು ನಿಂತು, ಪ್ಲಾಟ್‌ಫಾರ್ಮುಗಳೆಲ್ಲ ಅದಲುಬದಲಾಗಿ, ಜನ ನನ್ನ ಗಾಜಿನ ಗೂಡಿಗೆ ಮುಗಿಬಿದ್ದರು. ಗಾಬರಿಯಲ್ಲಿ ಮೈಕಿನ ಗುಂಡಿ ಒತ್ತಿದೆ. ನಾಲಗೆ ಚರ್ಚಿನ ಹಳೇ ಚಾಳಿ ಬಿಡಲಿಲ್ಲ.

"ಎಲ್ಲರೂ ಎದ್ದು ನಿಲ್ಲೋಣ!"

ಬೆಂಚಿನ ಮೇಲೆ ಮಲಗಿದ್ದವರೂ ಎದ್ದು ನಿಂತರು. ಅಯ್ಯೋ, ಇದೂ ಹೋಯಿತು ಎಂದುಕೊಂಡೆ. ಆದರೆ ನೂಕಾಟ ನಿಂತಿತ್ತು. ಆ ಸದ್ದಿಲ್ಲದ ಗಳಿಗೆಯಲ್ಲೇ ಯಾವ ಬಸ್ಸು ಎಲ್ಲಿ ಎಂದು ಒಂದೊಂದಾಗಿ ಹೇಳಿ, "ಉಳಿದವರು ಕೂತ್ಕೊಳ್ಳಿ" ಎಂದೆ. ಎಲ್ಲರೂ ಕೂತರು, ಒಬ್ಬನನ್ನು ಬಿಟ್ಟು. ನೀಲಿ ಚೀಲ ಹಿಡಿದು, ಕಣ್ಣು ಮುಚ್ಚಿ, ತಲೆ ಬಗ್ಗಿಸಿ ಪ್ರಾರ್ಥನೆಗೆ ಕಾಯುತ್ತಿದ್ದ ಆಸಾಮಿ ಯಾರು? ನಮ್ಮ ಕಾರ್ಯದರ್ಶಿಯೇ!

ಕಣ್ಣು ಬಿಟ್ಟವನೇ ಕಿಂಡಿಯ ಹತ್ತಿರ ಬಂದ. ಅಷ್ಟರಲ್ಲಿ ಮೇಲ್ವಿಚಾರಕಿಯೂ ಓಡಿಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು.

"ಇದೇನು ಗತಿ ಪಾದ್ರಿಗಳೇ ನಿಮ್ಮದು? ಭಾನುವಾರ ಬಂದು ತಪ್ಪಾಯ್ತು ಅಂದ್ಬಿಡಿ. ಆ ಮಗುವಿನ ಹೆಸರು ಚರ್ಚಿನ ಪುಸ್ತಕದಿಂದ ಹೊಡೆದುಹಾಕೋಣ. ನಿಮ್ಮ ಕೆಲಸ ವಾಪಸ್ ಕೊಡಿಸೋದು ನನಗೆ ಬಿಡಿ."

ಆ ಮಗು ನೀರು ಬಿದ್ದಾಗ ಅಳಲೇ ಇಲ್ಲ, ನನ್ನ ಕನ್ನಡಕ ಹಿಡಿದು ಎಳೆದಿತ್ತು. ಈಗ ಬಾಯಿಬಿಟ್ಟರೆ ಆ ಕೆಲಸವೂ ಇಲ್ಲ, ಈ ಕೆಲಸವೂ ಇಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಗುಂಡಿ ಒತ್ತಿದೆ.

"ಪ್ರಯಾಣಿಕರ ಗಮನಕ್ಕೆ. ನೀಲಿ ಚೀಲದ ಹಿರಿಯರಿಗೆ ತಿಳಿಸೋದೇನಂದ್ರೆ, ಆ ಮಗುವಿಗೆ ದೀಕ್ಷಾಸ್ನಾನ ಕೊಟ್ಟಿದ್ದಕ್ಕೆ ನಾನು ಕ್ಷಮೆ ಕೇಳಲ್ಲ. ಇವತ್ತೂ ಇಲ್ಲ, ಸತ್ತರೂ ಇಲ್ಲ. ಅವರ ಬಸ್ಸು ಎರಡನೇ ಪ್ಲಾಟ್‌ಫಾರ್ಮಿಂದ ಹೊರಡ್ತಾ ಇದೆ."

ಅವನ ಕಣ್ಣು ವೈರು ಹುಡುಕಿತು. ವೈರು ಗಾಜಿನ ಒಳಗೆ, ನನ್ನ ಕಾಲ ಹತ್ತಿರ ಇತ್ತು. ಚೀಲ ಎತ್ತಿಕೊಂಡು ಓಡಿದ.

ನಾನು ಕುರ್ಚಿಯ ಮೇಲಿನ ನನ್ನ ಕೋಟು ತೆಗೆದುಕೊಂಡೆ. ಮೇಲ್ವಿಚಾರಕಿ ಬಾಗಿಲಿಗೆ ಅಡ್ಡ ನಿಂತರು.

"ಮಗು ಹೆಣ್ಣಾ, ಗಂಡಾ?"

"ಹೆಣ್ಣು."

"ಕೋಟು ಅಲ್ಲೇ ಇಡಿ. ನಾಳೆ ಆರಕ್ಕೇ ಬನ್ನಿ. ಎದ್ದು ನಿಲ್ಲೋಣ ಅನ್ನೋದೊಂದು ಬೇಡ, ಮಂಡಿನೋವಿನವರು ನನ್ನನ್ನ ಬೈತಾರೆ."

ಮೂರನೇ ಪ್ಲಾಟ್‌ಫಾರ್ಮಿಗೆ ಬಸ್ಸು ಬಂದಿತ್ತು. ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದೆ.