ಕೂಸಿನವ್ವ ಊರಿಗೆ ಮರಳಿದ್ದು

ನಾನು ಒಂದು ಕಂಚಿನ ಮೂರ್ತಿ. ಎತ್ತರ ಒಂದು ಮೊಳಕ್ಕಿಂತ ತುಸು ಕಡಿಮೆ. ಎಡಸೊಂಟದ ಮೇಲೆ ಒಂದು ಕೂಸು, ಬಲಗೈಯಲ್ಲಿ ಮಾವಿನ ಗೊಂಚಲು. ನನ್ನನ್ನು ಮೊದಲು ಮೇಣದಲ್ಲಿ ಮಾಡಿದರು. ಮೇಣದ ಮೇಲೆ ಮಣ್ಣು ಮೆತ್ತಿ ಒಣಗಿಸಿ ಬೆಂಕಿಗಿಟ್ಟಾಗ ಮೇಣ ಕರಗಿ ಹರಿದುಹೋಯಿತು. ಅದು ಬಿಟ್ಟ ಜಾಗಕ್ಕೆ ಕುದಿಯುವ ಕಂಚು ಇಳಿಯಿತು. ಕಲ್ಯಾಣದ ಚಾಳುಕ್ಯರು ಆಳುತ್ತಿದ್ದ ಕಾಲವದು. ಎರಕ ಹೊಯ್ದವನು ಮಣ್ಣು ಒಡೆದು, ನನ್ನ ಮುಖದ ಬೂದಿ ಒರೆಸಿ, "ಬಂದೆಯಾ ತಾಯಿ?" ಎಂದು ಕೇಳಿದ. ನಾನು ಕೇಳಿದ ಮೊದಲ ಮಾತು ಅದು.

ಕೃಷ್ಣಾ ನದಿಯ ದಂಡೆಯ ಸಂಗಳಕೊಪ್ಪದ ಬಸದಿಯಲ್ಲಿ ನನ್ನನ್ನು ನಿಲ್ಲಿಸಿದರು. ಅಲ್ಲಿಯ ಜೈನರು ನನ್ನನ್ನು ಅಂಬಿಕಾದೇವಿ ಎಂದರು. ಕಾಲ ಕಳೆದಂತೆ ಅವರು ಒಬ್ಬೊಬ್ಬರಾಗಿ ಬೇರೆ ಊರುಗಳಿಗೆ ಹೋದರು. ದೀಪ ಆರಿತು, ಬಾವಲಿಗಳು ಬಂದವು. ಆಮೇಲೆ ಒಂದು ಬೆಳಿಗ್ಗೆ ಊರಿನ ಬಾಣಂತಿಯೊಬ್ಬಳು ಒಳಗೆ ಬಂದು, ನನ್ನ ಸೊಂಟದ ಮಗುವನ್ನು ನೋಡಿ, "ಅಯ್ಯ, ಈಕಿಗೂ ಕೂಸೈತಿ!" ಎಂದು ನಕ್ಕಳು. ಅಂದಿನಿಂದ ನಾನು ಕೂಸಿನವ್ವ. ಹೆಸರು ಬದಲಾದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಕರೆಯುವವರು ಇದ್ದರಲ್ಲ, ಅದೇ ದೊಡ್ಡದು.

ಕೊನೆಗೆ ನನ್ನನ್ನು ನೋಡಿಕೊಂಡವರು ಪೂಜಾರಿ ದುರ್ಗಪ್ಪ ಮತ್ತು ಅವನ ಹೆಂಡತಿ ತಂಗೆವ್ವ. ದುರ್ಗಪ್ಪ ಮಾತು ಕಡಿಮೆಯ ಮನುಷ್ಯ. ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕುವಾಗ ಮೂಗಿನ ಹತ್ತಿರ ಮಾತ್ರ ಕೈ ಹಗುರ ಮಾಡುತ್ತಿದ್ದ, ಸವೆದೀತು ಎಂದು. ತಂಗೆವ್ವ ಅವನ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು.

ಅಣೆಕಟ್ಟು ಎದ್ದಿತು. ಹಿನ್ನೀರು ಬರುತ್ತದೆ, ಊರು ಬಿಡಿ ಎಂದರು. ಜನ ಬಾಗಿಲು ಕಿತ್ತರು, ತೊಲೆ ಇಳಿಸಿದರು. ಸಂಗಳಕೊಪ್ಪದವರು ಒಂದೇ ಕಡೆ ಜಾಗ ಸಿಗದೆ ಮೂರು ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದರು. ಹೊರಡುವ ದಿನ ದುರ್ಗಪ್ಪ ನನ್ನನ್ನು ಕಲ್ಲಿನ ಪೀಠದಿಂದ ಮೆಲ್ಲಗೆ ಅಲುಗಾಡಿಸಿ ಎತ್ತಿದ. ನನ್ನ ಪಾದದ ಕೆಳಗಿನ ಗೂಟ ಪೀಠದ ಕುಳಿಯಿಂದ ಹೊರಬಂದಾಗ ಅವನ ಕಣ್ಣು ತುಂಬಿತ್ತು. ತನ್ನ ಧೋತರದಲ್ಲಿ ಸುತ್ತಿ, ಗೋಣಿಚೀಲದಲ್ಲಿಟ್ಟು, ಲಾರಿಯಲ್ಲಿ ಡ್ರೈವರನ ಸೀಟಿನ ಹಿಂದೆ ಇಟ್ಟ. ಲಾರಿಯಲ್ಲಿ ಕೂರಲು ಜಾಗವಿಲ್ಲದಷ್ಟು ಸಾಮಾನು ತುಂಬಿದ್ದರಿಂದ ಅವನು ಹಿಂದಿನ ಟ್ರ್ಯಾಕ್ಟರಿನಲ್ಲಿ ಬಂದ.

ದಾರಿಯಲ್ಲಿ ಲಾರಿ ಒಂದು ಚಹಾದಂಗಡಿಯ ಹತ್ತಿರ ನಿಂತಿತು. ಡ್ರೈವರ್ ಚೀಲ ಮುಟ್ಟಿ ನೋಡಿದ, ಭಾರ ನೋಡಿದ. ಅಲ್ಲಿಂದ ನಾನು ಚನ್ನಪ್ಪ ಎಂಬವನ ಮೋಡಕಾ ಅಂಗಡಿಗೆ, ಗುಜರಿಯ ರಾಶಿಗೆ ಇಳಿದೆ. ಒಡೆದ ಹಂಡೆ, ತುಕ್ಕು ಹಿಡಿದ ಸೈಕಲ್ಲುಗಳ ನಡುವೆ ನನ್ನನ್ನು ತೂಕಕ್ಕೆ ಹಾಕಿದರು. ಕರಗಿಸುತ್ತಾರೇನೋ ಎಂದು ಹೆದರಿದೆ. ಅಷ್ಟರಲ್ಲಿ ಪಟ್ಟಣದ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಂದ. ಅವನಿಗೆ ನನ್ನ ಬೆಲೆ ಗೊತ್ತಿತ್ತು, ನನ್ನ ಊರು ಬೇಕಿರಲಿಲ್ಲ. "ಹಳೇ ಮನೆತನದ ಸಂಗ್ರಹದ್ದು" ಎಂದು ಬೆಂಗಳೂರಿನ ಶ್ರೀಮಂತರೊಬ್ಬರಿಗೆ ಮಾರಿದ.

ಆ ಮನೆಯಲ್ಲಿ ಗಾಜಿನ ಕಪಾಟು, ತಂಪು ದೀಪ. ಅತಿಥಿಗಳು ಬಂದು "ವಾಹ್" ಎನ್ನುತ್ತಿದ್ದರು. ಒಬ್ಬರೂ ಅವ್ವ ಎನ್ನಲಿಲ್ಲ. ವರ್ಷಗಳು ಹೋದವು. ಯಜಮಾನರು ತೀರಿಕೊಂಡ ಮೇಲೆ ಅವರ ಪತ್ನಿ ನನ್ನನ್ನು ಅದೇ ನಗರದ ಒಂದು ಖಾಸಗಿ ವಸ್ತುಸಂಗ್ರಹಾಲಯಕ್ಕೆ ದಾನ ಕೊಡಲು ಮುಂದಾದರು.

ನಿರ್ದೇಶಕರಿಗೆ ಸಂತೋಷವೋ ಸಂತೋಷ. ಆದರೆ ಮೂರ್ತಿಗಳ ವಿಭಾಗ ನೋಡಿಕೊಳ್ಳುವ ಜ್ಯೋತ್ಸ್ನಾ ಎಂಬಾಕೆ ನನ್ನನ್ನು ಮೇಜಿನ ಮೇಲೆ ಮಲಗಿಸಿ ತುಂಬಾ ಹೊತ್ತು ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಆ ಯಜಮಾನರಿಗಿಂತ ಮುಂಚೆ ಇದು ಯಾರ ಹತ್ರ ಇತ್ತು ಸರ್?"

"ಹಳೇ ಮನೆತನದ್ದು ಅಂದಿದ್ದಾರಲ್ಲ. ಸುಮ್ನೆ ಸಿಗ್ತಿರೋದನ್ನ ಯಾಕೆ ಕೆದಕ್ತೀರಾ?"

"ಯಾವ ಮನೆತನ, ಯಾವ ಊರು? ಕಾಲಲ್ಲಿ ಗೂಟ ಇದೆ ನೋಡಿ. ಎಲ್ಲೋ ಪೀಠದ ಮೇಲೆ ನಿಂತು ಪೂಜೆ ತಗೊಂಡಿದ್ದು ಇದು. ಕೇಳದೆ ಒಳಗೆ ತಗೊಂಡ್ರೆ ಕದ್ದ ಮಾಲಿಗೆ ನಾವೇ ಕಾವಲು ಕೂತ ಹಾಗೆ."

ನಿರ್ದೇಶಕರು ಮುಖ ಸಿಂಡರಿಸಿದರು. ಜ್ಯೋತ್ಸ್ನಾ ಜಗ್ಗಲಿಲ್ಲ. ನನ್ನನ್ನು ಪ್ರದರ್ಶನಕ್ಕಿಡದೆ ಉಗ್ರಾಣದಲ್ಲಿಟ್ಟು, ಪತ್ರಿಕೆಯಲ್ಲಿ ನನ್ನ ಚಿತ್ರ ಹಾಕಿಸಿ, "ಈ ಮೂರ್ತಿಯನ್ನು ಬಲ್ಲವರು ತಿಳಿಸಿ" ಎಂದು ಬರೆದರು.

ಹದಿನೈದು ದಿನದೊಳಗೆ ಉಗ್ರಾಣದ ಬಾಗಿಲಲ್ಲಿ ಇಳಕಲ್ ಸೀರೆಯ ಒಬ್ಬ ಮುದುಕಿ ನಿಂತಿದ್ದಳು. ತಂಗೆವ್ವ! ಅಂಗನವಾಡಿ ಟೀಚರು ಅವಳಿಗೆ ಚಿತ್ರ ತೋರಿಸಿದ್ದರಂತೆ. ಅವಳು ಕೈ ಮುಗಿಯಲಿಲ್ಲ. ಹತ್ತಿರ ಬಂದು ನನ್ನನ್ನು ಬೈದಳು.

"ಎಲ್ಲಿ ಹೋಗಿದ್ಯವಾ? ನೀ ಹ್ವಾದಿ, ನನ್ನ ಗಂಡಗ ಕಳ್ಳ ಅನ್ನೂ ಹೆಸರ ಇಟ್ಟು ಹ್ವಾದಿ. ದುರ್ಗಪ್ಪನ ಕೈಯಾಗ ಇತ್ತು, ಅಂವನೇ ಮಾರ್ಯಾನ ಅಂತ ನಮ್ಮೂರ ಹಿರ್ಯಾರು ಮಲಗೌಡ್ರು ನಾಕ ಮಂದ್ಯಾಗ ಅಂದ್ರು. ಅಂವಾ ಅದನ್ನ ಎದಿಯಾಗ ಇಟಗೊಂಡ ಸತ್ತ."

ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದಳು. ಮೂಗಿನ ಹತ್ತಿರ ಕೈ ಹಗುರಾಯಿತು. ದುರ್ಗಪ್ಪ ಸತ್ತ ಸುದ್ದಿ ನನಗೆ ತಿಳಿದದ್ದು ಹಾಗೆ. ಕಂಚಿಗೆ ಕಣ್ಣೀರಿಲ್ಲ.

ಜ್ಯೋತ್ಸ್ನಾ ಅವಳನ್ನು ಕೂರಿಸಿ ನೀರು ಕೊಟ್ಟರು. "ಅಜ್ಜಿ, ಇದು ನಿಮ್ಮೂರಿನದೇ ಅಂತ ಸಾಬೀತಾದ್ರೆ ವಾಪಸ್ ಕೊಡಿಸ್ತೀನಿ."

"ಮೂರ್ತಿ ಆಮ್ಯಾಲ ಕೊಡವಾ. ಮೊದಲ ಯಾರ್ ಒಯ್ದ್ರು ಅದನ್ನ ಹುಡುಕು."

ಇಬ್ಬರೂ ನಾನು ಬಂದ ದಾರಿಯನ್ನು ಹಿಂದಕ್ಕೆ ನಡೆದರು. ಯಜಮಾನರ ಪತ್ನಿ ವ್ಯಾಪಾರಿಯ ಹೆಸರು ಹೇಳಿದರು. ಪೊಲೀಸರ ಮಾತು ಬಂದ ಮೇಲೆ ವ್ಯಾಪಾರಿ ಚನ್ನಪ್ಪನ ಹೆಸರು ಹೇಳಿದ. ಚನ್ನಪ್ಪ ಮಾತ್ರ "ನಂಗ ನೆನಪಿಲ್ಲ" ಎಂದ. ತಂಗೆವ್ವ ಅವನ ಮೋಡಕಾ ಅಂಗಡಿಯ ಮುಂದೆ, ಬಿಸಿಲಲ್ಲಿ, ಒಂದು ತಗಡಿನ ಡಬ್ಬಿಯ ಮೇಲೆ ಕೂತುಬಿಟ್ಟಳಂತೆ. "ನಿಂಗ ನೆನಪಾಗೂ ತನಕ ಕುಂದರ್ತೀನಿ" ಎಂದಳಂತೆ. ದಿನವೂ ಬರುವಳು, ಕೂರುವಳು, ಬೈಯುವುದೂ ಇಲ್ಲ, ಏಳುವುದೂ ಇಲ್ಲ. ಕೊನೆಗೆ ಚನ್ನಪ್ಪನ ಹೆಂಡತಿಯೇ ಗಂಡನಿಗೆ, "ಆಕಿ ಗಂಡನ ಹೆಸರ ನಿನ್ನ ಬಾಯಾಗ ಐತಿ. ಉಗುಳು" ಎಂದಳಂತೆ.

ಬೇಸಿಗೆ ಬಂತು. ಹಿನ್ನೀರು ಇಳಿದು ಸಂಗಳಕೊಪ್ಪದ ನನ್ನ ಹಳೆಯ ಗುಡಿ ಮೇಲೆದ್ದಿತು. ನನ್ನ ಗೂಟ ಅಲ್ಲಿಯ ಪೀಠಕ್ಕೆ ಕೂರುತ್ತದೋ ನೋಡೋಣ ಎಂದರು ಜ್ಯೋತ್ಸ್ನಾ. ನನ್ನನ್ನು ಹೊರಗೆ ಕಳಿಸಲು ನಿರ್ದೇಶಕರು ಒಪ್ಪಿರಲಿಲ್ಲ. ಜ್ಯೋತ್ಸ್ನಾ ರಾಜೀನಾಮೆಯ ಮಾತೆತ್ತಿದ ಮೇಲೆ ನಿರ್ದೇಶಕರು ಒಪ್ಪಿ, ತಾವೇ ಜೊತೆಗೆ ಬಂದರು. ಬೂಟು ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಡೆದರು. ಮೂರೂ ಪುನರ್ವಸತಿ ಊರುಗಳಿಂದ ಜನ ಬಂದು ಸೇರಿದ್ದರು. ಗೋಡೆಯ ತುಂಬ ಪಾಚಿ, ನೆಲದ ಮೇಲೆ ಮೀನಿನ ಮುಳ್ಳು. ತಂಗೆವ್ವ ಮೊಣಕಾಲೂರಿ ಪೀಠದ ಕುಳಿಯಿಂದ ಹೂಳನ್ನು ಬೆರಳಿನಿಂದ ತೆಗೆದಳು. ನಿರ್ದೇಶಕರು ನನ್ನನ್ನು ಇಳಿಸಿದರು. ಗೂಟ ಒಳಹೋಗಿ ತಳ ಕಲ್ಲಿಗೆ ಕೂತಿತು. ಅವರು ಅಲುಗಿಸಿ ನೋಡಿದರು. ನಾನು ಅಲುಗಲಿಲ್ಲ.

"ಇವರದೇ," ಎಂದರು ನಿರ್ದೇಶಕರು.

ಹಿಂದಿನಿಂದ ಚನ್ನಪ್ಪ ಮುಂದೆ ಬಂದ. "ಲಾರಿ ಡ್ರೈವರ ತಂದಿದ್ದ್ರಿ. ಈಗ ಅಂವಾ ಇಲ್ಲ. ಪೂಜಾರಿ ಮಾರಿದ್ದಲ್ಲ. ಪೂಜಾರಿ ಮುಖಾ ಸೈತ ನಾ ಕಂಡಿಲ್ಲ."

ಮಲಗೌಡರಿಗೂ ಈಗ ವಯಸ್ಸಾಗಿತ್ತು. ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದು, "ತಪ್ಪಾತು ತಂಗೆವ್ವ" ಎಂದರು.

"ನನಗ್ಯಾಕ ಹೇಳ್ತೀರಿ ಗೌಡ್ರ? ನನಗ ಮೊದಲ ಗೊತ್ತಿತ್ತು. ಆ ಮಾತು ಮೂರೂ ಊರಿಗೆ ಹೋಗೇತಿ. ಮೂರೂ ಊರಿಗೆ ಹೋಗಿ ಹೇಳ್ರಿ. ನಾ ನಿಮ್ಮ ಸಂಗಾಟ ಬರ್ತೀನಿ."

ಸರಕಾರದ ಒಪ್ಪಿಗೆ, ಕಬ್ಬಿಣದ ಬಾಗಿಲು, ಎರಡು ಬೀಗ ಎಲ್ಲ ಆದ ಮೇಲೆ ನಾನು ಈಗಿರುವ, ಪುನರ್ವಸತಿ ಊರಿನ ಸಿಮೆಂಟಿನ ಗುಡಿಗೆ ಬಂದೆ. ಇಲ್ಲಿ ಹೊಳೆಯ ಸದ್ದಿಲ್ಲ, ಬಾವಲಿಗಳೂ ಇಲ್ಲ. ನನಗೂ ವಯಸ್ಸಾಯಿತು. ನನ್ನ ಬದುಕಿನ ಎಷ್ಟೋ ಭಾಗ ಯಾರಿಗೂ ತಿಳಿದಿಲ್ಲ, ತಿಳಿಯುವುದೂ ಇಲ್ಲ. ಆದರೆ ತಿಳಿಯದ ಜಾಗವನ್ನು ಸುಳ್ಳಿನಿಂದ ತುಂಬಿದರೆ ಯಾರೋ ಒಬ್ಬರು ಅದರಡಿ ಸಿಕ್ಕಿ ಸಾಯುತ್ತಾರೆ ಎಂಬುದನ್ನು ನಾನು ಕಂಡಿದ್ದೇನೆ.

ನಾನು ಬಂದ ವಾರವೇ ತಂಗೆವ್ವ ನನ್ನನ್ನು ಮಡಿಲಲ್ಲಿಟ್ಟುಕೊಂಡು ಟಂಟಂ ಗಾಡಿ ಹತ್ತಿದಳು, ಎದುರಿಗೆ ಮಲಗೌಡರು. ಮೊದಲ ಊರಿನಲ್ಲಿ ಗೌಡರು ಹೇಳಿದರು, ಜನ ಅತ್ತರು. ಎರಡನೆಯ ಊರಿನಲ್ಲೂ ಹೇಳಿದರು. ಮೂರನೆಯ ಊರಿನಲ್ಲಿ ಹಳಬರು ಹೆಚ್ಚು ಉಳಿದಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಹರೆಯದವರು ಮುಖ ಮುಖ ನೋಡಿಕೊಂಡು, "ಯಾವ ದುರ್ಗಪ್ಪ?" ಎಂದರು. ಗೌಡರು ಬಿಡುಗಡೆಯಾಯಿತೆಂಬಂತೆ ತಂಗೆವ್ವನ ಕಡೆ ತಿರುಗಿದರು.

"ಇವರಿಗೆ ಗೊತ್ತ ಇಲ್ಲ, ತಂಗೆವ್ವ. ಹೋಗೂಣು?"

ತಂಗೆವ್ವ ನನ್ನನ್ನು ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಗಟ್ಟಿಯಾಗಿ ಕೂತಳು.

"ಗೊತ್ತಿಲ್ಲದವರಿಗೆ ಮೊದಲಿಂದ ಹೇಳ್ರಿ, ಗೌಡ್ರ."

ಗೌಡರು ಪಟಗ ತೆಗೆದರು. "ನಮ್ಮೂರಾಗ ದುರ್ಗಪ್ಪ ಅಂತ ಒಬ್ಬ ಪೂಜಾರಿ ಇದ್ದ," ಎಂದು ಶುರು ಮಾಡಿದರು.