ಬಿಸಿ ಇರುವಾಗಲೇ

ಪರದೆಯ ಕೆಳಗೆ ಕಾಲುಗಳು ಕಾಣುತ್ತಿವೆ, ಧೋತರದ ಅಂಚು, ಹಿಮ್ಮಡಿ ಸವೆದ ಚಪ್ಪಲಿ, ಆ ಕಡೆ ಹೋಗುತ್ತವೆ, ಈ ಕಡೆ ಬರುತ್ತವೆ, ಇನ್ನೇನು ಒಳಗೆ ತಿರುಗಿದವು ಅನ್ನುವಷ್ಟರಲ್ಲಿ ಮತ್ತೆ ರಸ್ತೆಗೆ ಮುಖ ಮಾಡುತ್ತವೆ — ಬಾಗಿಲಿಗೆ ಪರದೆ ಹಾಕುವುದಿದ್ದರೆ ಪೂರಾ ಹಾಕಬೇಕು, ಹೀಗೆ ಸೊಂಟಕ್ಕೇ ನಿಲ್ಲಿಸಿದರೆ ಹೊರಗಿದ್ದವರದು ಬರೀ ಕಾಲಷ್ಟೇ ಉಳಿಯುತ್ತದೆ, ಜಪಾನಿನಲ್ಲಿ ಹೀಗೇ ಕಟ್ಟುತ್ತಾರಂತೆ, ಅಳಿಯ ಗೌರೀಶ ಹೇಳಿದ್ದ, ಬಂದವರು ತಲೆ ಬಗ್ಗಿಸಿ ಒಳಗೆ ಬರಬೇಕಂತೆ, ಈ ಮನುಷ್ಯ ತಲೆ ಬಗ್ಗಿಸಿದ್ದನ್ನು ಗುಡಿ ಬಿಟ್ಟರೆ ಕಸ್ತೂರೆಮ್ಮ ಇಲ್ಲೇ ನೋಡಿದ್ದು, ನಗು ಬಂದು ಸೆರಗು ಅಡ್ಡ ಹಿಡಿದಿದ್ದಳು. ಬಂದು ಕೂತ, ಬಟ್ಟಲು ಎರಡೂ ಬಂದವು, ಒಂದು ಗಂಡ ಅಮರಪ್ಪನ ಮುಂದೆ, ಒಂದು ಅವಳ ಮುಂದೆ, ಆಗಲೇ ಅವನ ಫೋನು ಕೂಗಬೇಕೆ, ಕಡಲೆ ರಾಶಿ ಮಷೀನಿನ ಮಾಂತೇಶ, ತಡಿಯೋ ಮಾಂತೇಶ, ಹೊರಗ ಬರ್ತೀನಿ, ಇಲ್ಲಿ ಏನೂ ಕೇಳ್ಸವಲ್ದು ಅಂತ ಎದ್ದು ಹೋದವನು ಹೊರಗೇ ಇದ್ದಾನೆ, ಕಾಲು ಗಂಗಾವತಿಯ ಬೀದಿಯಲ್ಲಿ, ಮಾತು ತಮ್ಮೂರು ಬೇವೂರಿನ ಹೊಲದಲ್ಲಿ, ಮಷೀನು ಮೊದಲು ಯಾರ ಹೊಲಕ್ಕೆ ಬರಬೇಕು ಅನ್ನುವುದು ಇವತ್ತೇ ತೀರಬೇಕಾಗಿತ್ತೇನು, ಮಗಳ ಅಂಗಡಿಯ ಫ್ಯಾನು ಗರಗರ ತಿರುಗುತ್ತದೆ, ಅವಳ ಬಟ್ಟಲಿನ ಹಬೆ ಅವನ ಖಾಲಿ ಕುರ್ಚಿಯ ಕಡೆಗೇ ಬಾಗುತ್ತದೆ, ಶೇಂಗಾ ಎಳ್ಳು ಅರೆದು ಕುದಿಸಿದ ರಸ, ಮೇಲೆ ಖಾರದ ಕೆಂಪೆಣ್ಣೆ, ಮೆಕ್ಕೆಜೋಳದ ಕಾಳು, ಉಳ್ಳಾಗಡ್ಡಿ ತಪ್ಪಲು, ಇಲ್ಲಿ ಒಂದು ಒಲೆ ಮಾಂಸದ್ದು, ಒಂದು ಒಲೆ ಇದರದು, ಎರಡಕ್ಕೂ ಸೌಟು ಬೇರೆ, ಅದನ್ನು ಅವಳು ಮೊದಲು ಬಂದ ದಿನವೇ ನೋಡಿಕೊಂಡಿದ್ದಾಳೆ, ಮತ್ತು ರಸದ ಒಳಗೆ, ಸುರುಳಿ ಸುತ್ತಿ ಮಲಗಿದವು, ಅವಳ ಕೈಯಿಂದ ಇವತ್ತು ಬೆಳಗ್ಗೆ ಎಳೆದವು. ಶಾವಿಗಿ ಅನಬ್ಯಾಡ ಅವ್ವ, ರಾಮೆನ್ ಅನಬೇಕು ಅಂತ ಅಮೃತಾ ತಿದ್ದುತ್ತಾಳೆ. ಏನಾದರೂ ಅನ್ನಲಿ, ಗೋದಿ ಹಿಟ್ಟು, ಅವಳ ತೋಳು.

ಅಳಿಯ ಪುಣೆಯಲ್ಲಿ ಜಪಾನಿನವರ ಅಡುಗೆಮನೆಯಲ್ಲಿ ದುಡಿದು ಬಂದವನು, ರಸ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಎಳೆ ಮಾತ್ರ ಚೀಲದಲ್ಲಿ ಬೆಂಗಳೂರಿನಿಂದ ಬರುತ್ತಿತ್ತು, ಮುರಿದು ಬರುತ್ತಿತ್ತು, ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ, ಬಾಗಿಲು ಹಾಕಿದ ದಿನಗಳೂ ಇದ್ದವು, ಮಗಳ ಮುಖ ಸಣ್ಣಗಾಗಿತ್ತು, ಆಗಲೇ ಕಸ್ತೂರೆಮ್ಮ ಅಂದದ್ದು, ನಾ ಎಳದು ನೋಡ್ಲೇನ. ಮೊದಲ ಸಲ ಎಳೆದವು ರಸಕ್ಕೆ ಬಿದ್ದದ್ದೇ ಅಂಬಲಿಯಾದವು. ಅತ್ತಿ, ಇದಕ್ಕ ಒಂದು ನಮೂನಿ ಕ್ಷಾರದ ಪುಡಿ ಹಾಕ್ತಾರ, ಉಪ್ಪಲ್ಲ, ಸೋಡಾನೂ ಅಲ್ಲ, ಹಿಟ್ಟು ಬಿಗಿ ಆಗ್ತೈತಿ, ನಮಗಿಲ್ಲಿ ಸಿಗಂಗಿಲ್ಲ ಅಂದ ಗೌರೀಶ, ಅವಳಿಗೆ ಹಪ್ಪಳದ ಹಿಟ್ಟು ನೆನಪಾಯಿತು, ಪಾಪಡಖಾರ ಇದ್ದಂಗ ಇರಬೇಕಲ್ಲಪ್ಪ ಅಂದಳು, ಕಿರಾಣಿಯಿಂದ ತಂದು ಕೈ ತುಂಬ ಹಾಕಿದಳು, ಬೆಂದ ಮೇಲೆ ಬಟ್ಟೆ ಸೋಪಿನ ವಾಸನೆ, ಓಣಿಯ ನಾಯಿ ಕೂಡ ಮೂಸಿ ಹಿಂದೆ ಸರಿಯಿತು, ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಅತ್ತೆ ಅಳಿಯ ಮಾತ್ರ ನಗಲಿಲ್ಲ, ಚಿಟಿಕೆಗೆ ಇಳಿಸಿದರು, ಇನ್ನೊಂದು ಚಿಟಿಕೆ, ನಾದುತ್ತ ನಾದುತ್ತ ಹಿಟ್ಟು ಹಳದಿಗೆ ತಿರುಗಿತು, ಎಳೆದರೆ ಹಿಂದಕ್ಕೆ ಎಳೆಯುತ್ತಿತ್ತು, ಕೊರಳ ಹಗ್ಗ ಜಗ್ಗುವ ಕರುವಿನ ಹಾಗೆ, ಅದು ಕೈಯಲ್ಲಿ ಜಗ್ಗಿದಾಗ ಎದೆಯಲ್ಲಿ ಏನಾಯಿತೋ ಅವಳು ಯಾರಿಗೂ ಹೇಳಿಲ್ಲ. ಅವ್ವಾ, ಗುರುವಾರದಿಂದ ರವಿವಾರ ಇಲ್ಲೇ ಇರು, ಉಳಿದ ದಿನ ಊರಾಗಿರು, ಮಗಳು ಕೇಳಿದಳು, ನಿಮ್ಮಪ್ಪನ್ನ ಕೇಳು ಅಂದಳು ಇವಳು, ಅಮರಪ್ಪ ಮೊದಲ ಉಂಡು ನೋಡೂಣು, ಆಮ್ಯಾಲ ಹೇಳ್ತೀನಿ ಅಂದ. ಇವತ್ತು ಮುಂಜಾನೆ, ನಾದಿದ ಹಿಟ್ಟಿನ ಡಬ್ಬಿ ಅವಳ ತೊಡೆಯ ಮೇಲೆ, ಬಸ್ಸಿನಲ್ಲಿ ಅವನ ಬಾಯಿಗೆ ಬಿಡುವಿರಲಿಲ್ಲ, ಮಂದಿ ಏನಂದಾರು, ಮುದುಕಿ ಮಗಳ ಹೋಟೆಲಿನ್ಯಾಗ ಹೋಗಿ ಕುಂತಾಳ ಅಂತಾರ, ಮನಿ ಯಾರು ನೋಡ್ಬೇಕು, ಎಮ್ಮಿ ಯಾರು ಹಿಂಡ್ಬೇಕು, ನಾ ಹೋದ್ರ ಒದಿತೈತಿ. ಎಮ್ಮೆ ಒದೆಯುವುದು ಖರೆ, ಅವಳನ್ನು ಬಿಟ್ಟು ಯಾರು ಕೂತರೂ ಚರಿಗೆ ಉರುಳಿಸುತ್ತದೆ, ಆದರೆ ಮಂದಿ, ಮಂದಿ ಏನಂದಾರು — ಅಗೋ ಮಂದಿ, ಗೋಡೆಯ ಕಡೆಯ ಮೇಜಿನಲ್ಲಿ ಒಬ್ಬ ಕೂತಿದ್ದಾನೆ, ಪಕ್ಕದ ಟಾಯರ್ ಅಂಗಡಿಯ ಸಾದಿಕ, ದಿನವೂ ಬರುವವನಂತೆ, ಬಟ್ಟಲಿಗೆ ಮುಖ ಕೊಟ್ಟು ಸುರ್ ಅಂತ ಎಳೆಯುತ್ತಾನೆ, ಅಷ್ಟು ಸಪ್ಪಳ ಮಾಡಿದರೇ ಮರ್ಯಾದೆಯಂತೆ ಜಪಾನಿನಲ್ಲಿ, ಅವಳು ಅವನನ್ನೇ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದಾಳೆ, ಮುಗಿಸುತ್ತಾನೋ, ಅರ್ಧಕ್ಕೇ ಬಿಡುತ್ತಾನೋ, ಅವನು ತಲೆ ಎತ್ತಿದ, ಅಮೃತಕ್ಕಾ, ಇವತ್ತಿನ್ವು ಬ್ಯಾರೆ ಅದಾವಲ್ರಿ, ಎಳದಂಗ ಬರ್ತಾವ, ಹರಿಯವಲ್ವು, ಇನ್ನೊಂದು ಹಿಡಿ ಹಾಕ್ರಿ. ಇನ್ನೊಂದು ಹಿಡಿ. ಮನೆಯಲ್ಲಿ ಉಂಡವರು ಉಂಡು ಎದ್ದಿದ್ದಾರೆ, ಬೇಕಾದಾಗ ತಾಟು ಮುಂದೆ ಸರಿಸಿದ್ದಾರೆ, ಹೆಂಗ ಆಗ್ಯಾವ ಅಂತ ಅವಳು ಕೇಳಿಲ್ಲ, ಅವರು ಹೇಳಿಲ್ಲ, ಇವನು ಯಾರ ಮಗನೋ, ಕೈಯ ಗ್ರೀಸು ಕೂಡ ಪೂರಾ ಹೋಗಿಲ್ಲ, ಇನ್ನೊಂದು ಹಿಡಿ ಅನ್ನುತ್ತಾನೆ.

ಅವ್ವಾ, ಯಾಕ ಹಂಗ ಕುಂತಿ, ತಿನ್ನಬೇ, ಅವು ಕಾಯಂಗಿಲ್ಲ, ಕಟ್ಟೆಯ ಆಚೆಯಿಂದ ಅಮೃತಾ. ನಿಮ್ಮಪ್ಪ ಬರ್ಲಿ ತಡಿ. ಬರೂತನಾ ಮುದ್ದಿ ಆಗ್ತಾವು ನೋಡು. ಆಗುತ್ತವೆ, ಅವಳಿಗೆ ಗೊತ್ತಿಲ್ಲವೇ, ಅವಳೇ ಎಳೆದದ್ದು, ಕಾಲುಗಳು ಈಗ ಪರದೆಯ ಹತ್ತಿರ ನಿಂತಿವೆ, ಒಂದರ ಮೇಲೊಂದು ತುರಿಸಿಕೊಳ್ಳುತ್ತವೆ, ಮಾತು ಮುಗಿಯುವ ಲಕ್ಷಣವೇ, ಅಲ್ಲ, ಮತ್ತೆ ಹೊರಟವು. ಅವಳ ಅಡುಗೆಯೆಲ್ಲ ಕಾಯುವುದನ್ನು ಕಲಿತದ್ದು, ಕಟಕು ರೊಟ್ಟಿ ತಿಂಗಳು ಕಾಯುತ್ತದೆ, ಶೇಂಗಾ ಹಿಂಡಿ ಡಬ್ಬಿಯಲ್ಲಿ ಕಾಯುತ್ತದೆ, ಸಾರು ಒಲೆಯ ಬೂದಿಯ ಮೇಲೆ ಕಾಯುತ್ತದೆ, ಅವಳೂ ಅವುಗಳ ಜೊತೆ ಕಾದವಳು, ಗಂಡ್ಸರು ಕೈ ತೊಳ್ಕೊಂಡ ಮ್ಯಾಲೆ ತಾಟು ಹಾಕ್ಕೋಬೇ ಅಂತ ಅತ್ತೆ ಅಮರಮ್ಮ ಹೇಳಿದ್ದು ಸಿಟ್ಟಿನಿಂದಲ್ಲ, ಉಪ್ಪಿನ ಗಡಿಗೆ ಎಲ್ಲಿದೆ ಅಂತ ಹೇಳಿದ ಹಾಗೆ, ಅಷ್ಟೇ ಸಹಜ, ಅಮರಮ್ಮನೂ ಕಾದವಳೇ, ಹೊಸದಾಗಿ ಬಂದಾಗ ಹೊಟ್ಟೆ ಚುರುಗುಡುತ್ತಿತ್ತು, ಆಮೇಲೆ ಹೊಟ್ಟೆಯೂ ಕಲಿತುಕೊಂಡಿತು, ಬಿಸಿಯದು ಬಿಸಿಯಾಗಿ ಉಂಡದ್ದು ಬಾಣಂತಿಯಾಗಿ ತವರಲ್ಲಿ ಮಲಗಿದ್ದಾಗ ಮಾತ್ರ, ಅವ್ವ ತುಪ್ಪ ಸುರಿದು, ಉಣ್ಣು, ಹಬಿ ಹೋಗೂದ್ರಾಗ ಉಣ್ಣು ಅಂತ ಎದುರಿಗೇ ಕೂತಿದ್ದಳು, ಆಗ ತೊಡೆಯ ಮೇಲೆ ಬೆಚ್ಚಗೆ ಮಲಗಿದ್ದ ಕೂಸು ಇವತ್ತು ಒಲೆಯ ಮುಂದೆ ನಿಂತು ಅದನ್ನೇ ಹೇಳುತ್ತಿದೆ. ಹಬೆ ತೆಳ್ಳಗಾಗುತ್ತಿದೆ. ಬಟ್ಟಲಿನಲ್ಲಿ ರಸ ಇಳಿದಿದೆ, ಎಳೆಗಳು ಕುಡಿಯುತ್ತಿವೆ, ದಪ್ಪಗಾಗುತ್ತಿವೆ, ಕಣ್ಣೆದುರಿಗೇ ಆಗುತ್ತಿದೆ, ಅವನ ಬಟ್ಟಲಿನಲ್ಲೂ, ಇವಳದರಲ್ಲೂ, ಹಸಿವಾದರೆ ತಡೆದಾಳು, ಅದು ಅವಳದೊಬ್ಬಳದು, ಆದರೆ ಇವು, ನಸುಕಿನಲ್ಲಿ ಎದ್ದು ನಾದಿದವು, ಹರಿಯದ ಹಾಗೆ ಉಸಿರು ಹಿಡಿದು ಎಳೆದವು, ಇವುಗಳನ್ನು ಯಾರೂ ಬಾಯಿಗೆ ಇಡದೆ ಇಲ್ಲಿ ಹೀಗೆ ಕೊಲ್ಲುವುದೇ, ಆಮೇಲೆ ಅವನು ಬಂದು ಮುದ್ದೆ ತಿಂದು ಇಷ್ಟೇ ಏನು ಅಂದರೆ, ಆಗಲ್ಲ ಅಂದರೆ, ಅವಳಿಗಾದರೂ ಗೊತ್ತಿರಬೇಕಲ್ಲ ಅವನು ಯಾವುದಕ್ಕೆ ಆಗಲ್ಲ ಅಂದದ್ದು ಅಂತ — ಮುಳ್ಳುಚಮಚದ ಹಲ್ಲಿಗೆ ಸಿಕ್ಕಿಸಿದಳು, ಎತ್ತಿದಳು, ಬಾಯಿ ಸುಟ್ಟಿತು, ಬಿಡಲಿಲ್ಲ, ಎಳೆದಳು, ಸುರ್ ಅಂತು, ಆ ಸಪ್ಪಳ ತನ್ನದೇ ಅಂತ ಗೊತ್ತಾಗಿ ಕಿವಿ ಬಿಸಿಯಾಯಿತು, ಯಾರೂ ತಿರುಗಿ ನೋಡಲಿಲ್ಲ, ಶೇಂಗಾ, ಎಳ್ಳು, ಖಾರ, ಅದರ ನಡುವೆ ಗೋದಿ, ಅವರ ಎರೆ ಹೊಲದ ಗೋದಿಯ ಹಾಗೇ ಸಿಹಿ, ಹಲ್ಲಿಗೆ ಸಿಕ್ಕು ಜಗ್ಗುತ್ತದೆ, ಎಂಥ ಛಲೋ ಆಗಿದೆ, ಎಂಥ ಛಲೋ ಆಗಿದೆ, ಇಷ್ಟು ದಿನ ತನ್ನ ಕೈಯ ಬಿಸಿಯದನ್ನೆಲ್ಲ ಬೇರೆಯವರೇ ತಿಂದರೇ.

ಪರದೆ ಎತ್ತಿ ಅಮರಪ್ಪ ಒಳಗೆ ಬಂದ, ನಿಂತ, ನೋಡಿದ. ಅವಳು ಏಳಲಿಲ್ಲ. ಏಳಬೇಕು ಅಂತ ಕಾಲು ಅಂದುಕೊಂಡಿತು, ಬಾಯಿ ತುಂಬಿತ್ತು. ಉಣ್ಣಾಕ ಹತ್ತೀ ಅಂದ, ಸಿಟ್ಟೋ ಬೆರಗೋ ತಿಳಿಯಲಿಲ್ಲ. ಇವು ಕಾಯಂಗಿಲ್ರಿ ಅಂದಳು. ಅವನು ಕೂತು ತನ್ನ ಬಟ್ಟಲು ಕೆದಕಿದ, ಎಳೆಗಳೆಲ್ಲ ಒಂದಕ್ಕೊಂದು ಹತ್ತಿ ಮೇಲೆದ್ದು ಬಂದವು, ಇವೇನ ಎತ್ತಿನ ದಾಂವಣಿ ಹಗ್ಗ ಆಗ್ಯಾವಲ್ಲ ಅಂದ. ನಿಮ್ಮ ಮಾತು ಉದ್ದ ಆದ್ವು, ಇವು ದಪ್ಪ ಆದ್ವು — ಈ ಮಾತು ಅವಳ ಬಾಯಿಂದಲೇ ಬಂದದ್ದು, ಬಂದ ಮೇಲೆ ಅವಳೂ ಕೇಳಿಸಿಕೊಂಡಳು. ಗೋಡೆಯ ಕಡೆ ಸಾದಿಕ ಕೆಮ್ಮಿದ. ಅಪ್ಪಾ, ಅದನ್ನ ಬಿಡು, ಬ್ಯಾರೆ ಕೊಡ್ತೀನಿ, ಆದ್ರ ಫೋನು ಇಲ್ಲಿ ಇಡು ಅಂತ ಅಮೃತಾ ಬಂದು ಹಳೆಯ ಬಟ್ಟಲಿನ ಜೊತೆ ಫೋನನ್ನೂ ಎತ್ತಿಕೊಂಡು ಹೋದಳು, ಹೊಸ ಬಟ್ಟಲು ಬಂತು, ಹಬೆಯಾಡುತ್ತ ಬಂತು, ಅವಳ ಬಟ್ಟಲಿಗೂ ಬಿಸಿ ರಸ, ಇನ್ನೊಂದು ಹಿಡಿ ಬಿತ್ತು, ಅವನು ಹೆಂಡತಿಯ ಕೈ ನೋಡಿದ, ಅವಳು ಹಿಡಿದ ಹಾಗೆ ಹಿಡಿದ, ಎತ್ತಿದ, ಎಳೆದ, ಕೆಮ್ಮಿದ, ಕಣ್ಣಲ್ಲಿ ನೀರು, ಮತ್ತೆ ಎಳೆದ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದಾರೆ, ಮದುವೆಯ ದಿನ ಒಂದು ತಾಟಿನಲ್ಲಿ ಉಂಡದ್ದೇ, ಆಮೇಲೆ ಇಲ್ಲ, ಅವನ ಮೀಸೆಗೆ ಎಣ್ಣೆ ಹತ್ತಿದೆ ಅನ್ನುವುದು ಉಣ್ಣುವಾಗ ಎದುರಿಗೆ ಕೂತರೆ ಎಷ್ಟು ಹತ್ತಿರ ಕಾಣುತ್ತದೆ. ಅವನು ಹೂಂ ಅನ್ನಲಿ ಬಿಡಲಿ, ಅವಳು ಗುರುವಾರ ಬರುವವಳೇ, ಅದನ್ನು ಅವಳು ಯಾವಾಗ ತೀರ್ಮಾನ ಮಾಡಿದಳು, ಮೊದಲ ತುತ್ತಿಗೇ ಇರಬೇಕು. ಗುರುವಾರ ಮುಂಜಾನಿ ಬಸ್ಸಿಗೆ ಬರ್ತೀನಿ ನಾ ಅಂದಳು, ಬಟ್ಟಲು ನೋಡುತ್ತಲೇ. ಅವನ ಕೈ ನಿಂತಿತು. ಎಮ್ಮಿ, ಅಂದ, ಅಷ್ಟೇ, ಮಂದಿಯ ಮಾತು ಬಸ್ಸಿನಲ್ಲೇ ಉಳಿದು ಹೋಗಿರಬೇಕು. ನನ್ನ ಸೀರಿ ಸುತ್ಕೊಂಡು, ತಲಿ ಮ್ಯಾಲೆ ಸೆರಗು ಹೊದ್ಕೊಂಡು ಕುಂದ್ರಿ, ನಮ್ಮ ಓಣಿ ಹುಲಗಪ್ಪಣ್ಣ ಹೆಂಡತಿ ತವರಿಗಿ ಹೋದಾಗ ಹಂಗ ಹಿಂಡಿದ್ದ, ಎಮ್ಮಿಗೇನ ಮೀಸಿ ಕಾಣ್ತೈತಿ. ಸಾದಿಕ ಬಟ್ಟಲಿನೊಳಗೇ ನಕ್ಕ, ಅಮೃತಾ ಒಲೆಯ ಕಡೆ ತಿರುಗಿದಳು, ಭುಜ ಕುಣಿಯುತ್ತಿದೆ, ಕಸ್ತೂರೆಮ್ಮನಿಗೆ ಮಾತ್ರ ತಲೆ ಎತ್ತಲು ಧೈರ್ಯವಿಲ್ಲ, ಎದ್ದು ಹೋದಾನೇ, ಹೋಗಲಿಲ್ಲ, ಅವನು ಉಳಿದದ್ದನ್ನು ಎಳೆದು, ರಸ ಕುಡಿದು, ಟವೆಲಿನಿಂದ ಮೀಸೆ ಒರೆಸಿಕೊಂಡು, ದನದ ಸಂತೆಯಲ್ಲಿ ದರ ಕೇಳುವಷ್ಟು ಗಂಭೀರವಾಗಿ ಕೇಳಿದ, ಯಾವ ಸೀರಿ. ಹೇಳಬೇಕು, ಹಸಿರಂಚಿನದು, ದಿನಾ ಉಡುವುದು, ಅದರ ವಾಸನೆಯೇ ಎಮ್ಮೆಗೆ ಗೊತ್ತು, ಹೇಳಬೇಕು, ಆದರೆ ಚಮಚ ಮೇಲೆದ್ದಿದೆ, ತುಟಿಗೆ ಒಂದು ತುದಿ ಹತ್ತಿದೆ, ಇನ್ನೊಂದು ತುದಿ ಇನ್ನೂ ರಸದೊಳಗೆ ಇದೆ, ಒಂದೇ ಎಳೆ, ಹಳದಿ, ಹಬೆಯಾಡುತ್ತಿದೆ, ಬಿಗಿದು ನಿಂತಿದೆ, ಹರಿಯುತ್ತಿಲ್ಲ