ಕದ್ದರೆ ಮಾತ್ರ ಚಿಗುರುವ ಗಿಡ

ಬಿ.ಎ. ಮುಗಿಸಿದವಳು ನಾನು. ಆದರೂ ನನ್ನದೇ ವಸ್ತುವಿಗೆ ಬೆಲೆ ಹೇಳಲು ಬಾಯಿ ಬರುತ್ತಿರಲಿಲ್ಲ. ಇದನ್ನು ಡೈರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ನಮ್ಮದು ಬಾಳೂರು ಕಡೆ. ನಾನು ಊರಿದ ಕಡ್ಡಿ ಒಣಗಿದ್ದೇ ಇಲ್ಲ. ಕೈಗುಣ ಎನ್ನುತ್ತಾರೆ. ಗುಲಾಬಿ, ದಾಸವಾಳ ಎಂದು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಮಣ್ಣು ತುಂಬಿ ಊರಿ ಊರಿ ಅಂಗಳದ ತುಂಬ ಇನ್ನೂರು ಗಿಡಗಳಾದವು. ಮಾರಿ ಸ್ವಂತ ದುಡಿಮೆ ಮಾಡುವ ಆಸೆ. ಆದರೆ ನಮ್ಮ ಕಡೆಯ ನಂಬಿಕೆ ನಿಮಗೂ ಗೊತ್ತಲ್ಲ, ಹೂವಿನ ಗಿಡ ಕದ್ದು ನೆಟ್ಟರೆ ಮಾತ್ರ ಚಿಗುರುವುದು! ಹೇಳಿ ಒಯ್ದರೆ ಸೊರಗುತ್ತದೆ, ದುಡ್ಡು ಕೊಟ್ಟರಂತೂ ಕೊಳೆಯುತ್ತದೆ. ಪಕ್ಕದ ಮನೆಯ ಶಾಂತಕುಮಾರಿ ಅಕ್ಕ ಬಂದು ಹೂವು ಹೊಗಳಿದರೆ ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಬೇಕು. ಕದಿಯಲು ಬಿಡುವುದೇ ಮರ್ಯಾದೆ. ಒಮ್ಮೆ ಬೇಗ ಹೊರಬಂದೆ. ಅವರ ಸೆರಗಿನೊಳಗೆ ಎರಡು ತೊಟ್ಟೆ. ಲೋಟ ಮುಟ್ಟದೆಯೇ, "ಸಕ್ಕರೆ ಕಮ್ಮಿ ಅನ್ಸುತ್ತೆ ನೋಡೇ" ಎಂದು ನನ್ನನ್ನೇ ವಾಪಸ್ಸು ಕಳಿಸಿದರು!

ಕಾಫಿ ಕುಯ್ಲು ಶುರುವಾಯಿತು. ಅಮ್ಮ ಗಡುವು ಕೊಟ್ಟಳು.

"ಸೋಮವಾರ ಅಂಗಳದಲ್ಲಿ ಕಾಫಿ ಹರವ್ಬೇಕು. ಅಷ್ಟರೊಳಗೆ ಖಾಲಿ ಮಾಡು. ಇಲ್ಲಾಂದ್ರೆ ಎಲ್ಲ ಗೊಬ್ಬರಗುಂಡಿಗೆ."

"ಮಾರ್ಲಾ ಅಮ್ಮಾ?"

"ಕೈಗುಣ ಶಿವ ಕೊಟ್ಟಿದ್ದು ಕಣೇ. ಮಾರಿದ್ರೆ ಬಿಟ್ಟುಹೋಗುತ್ತೆ."

ಸ್ತ್ರೀಶಕ್ತಿ ಸಂಘದ ನಾಗಶ್ರೀ ಅಕ್ಕ ಜಗಲಿಯಲ್ಲೇ ಕೂತಿದ್ದರು. ಕೊಟ್ಟಿಗೆಹಾರದಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಅಮ್ಮನ ಕಡೆ ತಿರುಗಿದರು.

"ಬಸಮ್ಮೋರೆ, ಚಿಗುರಿಸಿದ್ದು ಶಿವ, ಒಪ್ಪಿದೆ. ಮಣ್ಣು ಜರಡಿ ಹಿಡಿದಿದ್ದು ಯಾರು?"

"ಇವಳು."

"ಹಳ್ಳದಿಂದ ನೀರು ಹೊತ್ತಿದ್ದು?"

"ಇವಳೇ. ಶಿವ ಬಂದು ಕೊಡ ಎತ್ತಲ್ಲ ಮಾರಾಯ್ತಿ!"

"ಹಂಗಾದ್ರೆ ಅವನ ಪಾಲು ಧರ್ಮಕ್ಕೆ ಕೊಡಿ, ಇವಳ ಪಾಲಿಗೆ ಬೆಲೆ ಹಾಕಿ. ಮೈ ಬಗ್ಗಿಸಿ ಮಾಡಿದ್ದು ಕಾಯಕ. ಅದಕ್ಕೆ ಕೂಲಿ ತಗೊಂಡ್ರೆ ಯಾವ ದೇವ್ರೂ ಮುನಿಯಲ್ಲ. ಹೊಲಿಗೆ ನಂಗೂ ಬರೀ ಹುಚ್ಚಾಗಿತ್ತು. ಈಗ ಅದೇ ಅನ್ನ."

"ಕೊಂಡೋರ ಮನೇಲಿ ಚಿಗುರದಿದ್ರೆ?" ಎಂದಳು ಅಮ್ಮ.

"ಬೇರು ಬಿಟ್ಟ ಗಿಡಕ್ಕೆ ದುಡ್ಡು ಗೊತ್ತಾಗುತ್ತಾ? ಸತ್ತರೆ ಬೇರೆ ಕೊಡ್ಲಿ. ಭಾನುವಾರ ಸಂಘದ ಸಭೆ ಇಲ್ಲೇ ಮಾಡೋಣ. ಬೆಲೆ ಮಾತ್ರ ನೀನೇ ಹೇಳ್ಬೇಕು ಪುಟ್ಟಿ."

ಹೇಳುವ ಧೈರ್ಯವಿಲ್ಲದೆ ಪ್ರತಿ ಗಿಡಕ್ಕೂ '5' ಎಂದು ಬರೆದ ಚೀಟಿ ಕಟ್ಟಿದೆ. ಭಾನುವಾರ ಹದಿನೈದು ಜನ ಬಂದರು. ಶಾಂತಕ್ಕ ಚೀಟಿ ತಿರುಗಿಸಿ ನೋಡಿದರು.

"ಐದು ದಿನಕ್ಕೊಂದ್ಸಲ ನೀರು ಹಾಕ್ಬೇಕಾ?"

"ಇದೇನು ರೇಷನ್ ಕ್ಯೂ ನಂಬರಾ?" ಎಂದರು ಇನ್ನೊಬ್ಬರು. "ಹಂಗಾದ್ರೆ ಎಲ್ಲರದ್ದೂ ಐದೇ ಆಯ್ತಲ್ಲ!"

ಎಲ್ಲರೂ ನಕ್ಕರು. ನಾಗಶ್ರೀ ಅಕ್ಕ ನೀನೇ ಹೇಳು ಎಂಬಂತೆ ನನಗೆ ಸನ್ನೆ ಮಾಡಿದರು. ಅಮ್ಮ ಎದ್ದು ಬಂದು ಒಂದು ದಾಸವಾಳದ ಗಿಡ ಎತ್ತಿ ಪಕ್ಕಕ್ಕಿಟ್ಟಳು.

"ಇದು ದೇವಸ್ಥಾನಕ್ಕೆ. ಮಿಕ್ಕಿದ್ದು ನಿನ್ನ ದುಡಿಮೆ. ಬಾಯಿ ಬಿಡೇ!"

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಕೈಗೂ ಒಂದು ಗುಣವಿದೆ. ಹಪ್ಪಳವೋ, ಕಸೂತಿಯೋ, ಬುಟ್ಟಿ ಹೆಣಿಗೆಯೋ. ದೇವರು ಕೊಟ್ಟದ್ದು ಎಂದು ಅದನ್ನು ಮೂಲೆಯಲ್ಲಿಡಬೇಡಿ. ದುಡಿಸಿ, ಬೆಲೆ ಕಟ್ಟಿ. ಮೊದಲ ಸಲ ನಾಲಿಗೆ ಒಣಗುತ್ತದೆ, ಒಣಗಲಿ. ನನಗೂ ಒಣಗಿತ್ತು. ಆದರೂ ಹದಿನೈದು ಜನರ ಮುಂದೆ ಹೇಳಿಯೇಬಿಟ್ಟೆ:

"ಐದು ದಿನ ಅಲ್ಲ ಶಾಂತಕ್ಕ, ಐದು ರೂಪಾಯಿ. ಇಷ್ಟು ಚೆನ್ನಾಗಿ ಗಿಡ ಮಾಡೋಕೆ ಈ ಊರಲ್ಲಿ ನಂಗೊಬ್ಬಳಿಗೇ ಬರೋದು."